ಆಟಕ್ಕೆ ದಿನ ಗೊತ್ತುಮಾಡಿ, ಕೋಲಾರಕ್ಕೆ ಜನ ಬರುತ್ತಾರೆ

ಬೆಂಗಳೂರಿನಲ್ಲಿ ಐಪಿಎಲ್ ಪಂದ್ಯವಿರುವ ದಿನ ಮಾಲೂರು ರೈಲು ನಿಲ್ದಾಣ ಮಧ್ಯಾಹ್ನಕ್ಕೇ ಕೆಂಪೇರುತ್ತದೆ. ಬೆನ್ನ ಮೇಲೆ 18 ಎಂದು ಬರೆದ ಜೆರ್ಸಿ ತೊಟ್ಟ ಹುಡುಗ ಹುಡುಗಿಯರು ಬಂಗಾರಪೇಟೆ ಕಡೆಯಿಂದ ಬರುವ ರೈಲಿಗೆ ಕಾಯುತ್ತಾರೆ. ಕೋಲಾರ, ಮುಳಬಾಗಿಲಿನವರು ಬಸ್ಸು ಹಿಡಿಯುತ್ತಾರೆ. ಶ್ರೀನಿವಾಸಪುರದವರು ಇನ್ನೂ ಬೇಗ ಮನೆ ಬಿಡಬೇಕು. ರೈಲಿನವರಿಗೆ ಈಗ ಸುಖ. ವೈಟ್‌ಫೀಲ್ಡ್ ರೈಲು ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೊ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ತೆರೆದ ಮೇಲೆ ಅಲ್ಲಿಂದ ಕಬ್ಬನ್ ಪಾರ್ಕ್ ನಿಲ್ದಾಣದವರೆಗೆ ಒಂದೇ ಗಾಡಿ. ಮೆಟ್ಟಿಲು ಹತ್ತಿ ಹೊರಬಂದರೆ ಎದುರಿಗೇ ಚಿನ್ನಸ್ವಾಮಿ ಕ್ರೀಡಾಂಗಣ.

ಇವರಲ್ಲಿ ಎಷ್ಟೋ ಜನ ಬರಿ ಪಂದ್ಯಕ್ಕೆಂದು ಹೋಗುವವರಲ್ಲ. ಬೇಗನೆ ಹೋಗಿ ಕಬ್ಬನ್ ಪಾರ್ಕಿನಲ್ಲಿ ಕೂರುತ್ತಾರೆ, ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳನ್ನು ಸುತ್ತುತ್ತಾರೆ, ಇಂಡಿಯನ್ ಕಾಫಿ ಹೌಸಿನಲ್ಲಿ ಕಾಫಿ ಕುಡಿಯುತ್ತಾರೆ. ನಡೆದು ಹೋಗುವಷ್ಟು ದೂರದಲ್ಲಿ, ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆ ಹೇಳುವ ಆತಕೂರಿನ ವೀರಗಲ್ಲು ಅಲ್ಲಿಯದೇ. ಅದು ಗಂಗರ ಕಾಲದ ಕಲ್ಲು. ಕುವಳಾಲ ಎಂಬ ಹೆಸರಿನ ಕೋಲಾರವೇ ಆ ಗಂಗರ ಮೊದಲ ರಾಜಧಾನಿ ಎಂಬುದನ್ನು ನೆನೆದರೆ, ಪಂದ್ಯ ನೋಡಲು ಹೋದ ಕೋಲಾರದ ಹುಡುಗನಿಗೆ ತನ್ನ ಊರಿನ ಚರಿತ್ರೆ ಅಲ್ಲೇ ಸಿಕ್ಕಂತಾಯಿತು.

ಒಂದು ಪಂದ್ಯ, ಎರಡು ಹೊತ್ತಿನ ತಿಂಡಿ, ಒಂದಿಷ್ಟು ಸುತ್ತಾಟ. ಹೀಗೆ ಆಟವನ್ನು ನಡುವೆ ಇಟ್ಟುಕೊಂಡು ಒಂದೆರಡು ದಿನದ ಪ್ರವಾಸ ಹೂಡುವುದು ಜಗತ್ತಿನ ಹಲವೆಡೆ ದೊಡ್ಡ ವ್ಯವಹಾರವಾಗಿ ಬೆಳೆದಿದೆ. ಕೋಲಾರ ಜಿಲ್ಲೆಯ ಪಾಲಿಗೆ ಮಾತ್ರ ಈ ದಾರಿ ಒಂದೇ ಕಡೆಗೆ ಹರಿಯುತ್ತಿದೆ. ಇಲ್ಲಿನವರು ಆಟ ನೋಡಲು ಅಲ್ಲಿಗೆ ಹೋಗುತ್ತಾರೆ. ಅಲ್ಲಿನವರು ಆಟ ನೋಡಲು ಇಲ್ಲಿಗೆ ಬರುವುದಿಲ್ಲ. ಇದನ್ನು ತಿರುಗಿಸಬಹುದು, ಅದೂ ಕಡಿಮೆ ಖರ್ಚಿನಲ್ಲಿ.

ಅಮೆರಿಕದ ಬೇಸ್‌ಬಾಲ್ ಈ ವಿಷಯದಲ್ಲಿ ಒಳ್ಳೆಯ ಪಾಠ. ಅಲ್ಲಿನ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರಿನ ಅಂಗಳದಲ್ಲಿ. ಬಂದ ತಂಡ ಸಾಮಾನ್ಯವಾಗಿ ಮೂರ್ನಾಲ್ಕು ದಿನ ಅದೇ ಊರಿನಲ್ಲಿದ್ದು ಸಾಲಾಗಿ ಪಂದ್ಯಗಳನ್ನು ಮುಗಿಸಿಯೇ ಮುಂದಿನ ಊರಿಗೆ ಹೋಗುತ್ತದೆ. ಹಾಗಾಗಿ ದೂರದೂರಿನ ಅಭಿಮಾನಿ ಶುಕ್ರವಾರ ಸಂಜೆ ಬಂದು ಒಂದು ಪಂದ್ಯ ನೋಡಿ, ಶನಿವಾರ ಊರು ಸುತ್ತಿ, ಭಾನುವಾರ ಇನ್ನೊಂದು ಪಂದ್ಯ ನೋಡಿ ಮರಳಬಹುದು. ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗುವ ನಮ್ಮ ತಂದೆತಾಯಂದಿರಲ್ಲಿ ಬೇಸ್‌ಬಾಲ್ ಅಂಗಳ ನೋಡಿ ಬಂದವರು ಬಹಳ ಜನ. ಆಟದ ನಿಯಮ ತಲೆಗೆ ಹತ್ತದಿದ್ದರೂ ಆ ದಿನ ಅವರಿಗೆ ಇಷ್ಟವಾಗಿರುತ್ತದೆ, ಏಕೆಂದರೆ ಅದು ಮನೆಮಂದಿಯೆಲ್ಲ ಒಟ್ಟಿಗೆ ಹೊರಟ ದಿನ.

ಬಾಲ್ಟಿಮೋರ್ ನಗರದ ಕ್ಯಾಮ್ಡನ್ ಯಾರ್ಡ್ಸ್ ಅಂಗಳವನ್ನೇ ನೋಡಿ. 1992ರಲ್ಲಿ ತೆರೆದ ಅದನ್ನು ಕಟ್ಟುವಾಗ ಊರಾಚೆಯ ಬಯಲಿಗೆ ಹೋಗದೆ, ನಗರದ ನಡುವೆ ಹಳೆಯ ರೈಲ್ವೆ ಅಂಗಳದ ಜಾಗವನ್ನೇ ಆರಿಸಿಕೊಂಡರು. ಅಲ್ಲಿದ್ದ ಇಟ್ಟಿಗೆಯ ಉದ್ದನೆಯ ಗೋದಾಮನ್ನು ಕೆಡವದೆ ಅಂಗಳದ ಒಂದು ಗೋಡೆಯಂತೆ ಉಳಿಸಿಕೊಂಡರು. ಬೇಸ್‌ಬಾಲ್ ದಂತಕಥೆ ಬೇಬ್ ರೂತ್ ಹುಟ್ಟಿದ ಮನೆ ಕೆಲವೇ ಬೀದಿಗಳಾಚೆ ಮ್ಯೂಸಿಯಂ ಆಗಿದೆ, ಬಂದರಿನ ದಂಡೆಯ ಹೋಟೆಲುಗಳಿಗೆ ನಡೆದೇ ಹೋಗಬಹುದು. ಆಟ ಮುಗಿಸಿ ಹೊರಬಂದವನ ಜೇಬಿನ ಹಣ ಆ ಊರಿನಲ್ಲೇ ಉಳಿಯುತ್ತದೆ.

ಷಿಕಾಗೊದ ರಿಗ್ಲಿ ಫೀಲ್ಡ್ ಇನ್ನೊಂದು ಬಗೆ. 1914ರಲ್ಲಿ ಕಟ್ಟಿದ ಆ ಅಂಗಳಕ್ಕೆ 1988ರವರೆಗೆ ಹೊನಲು ಬೆಳಕಿನ ದೀಪಗಳೇ ಇರಲಿಲ್ಲ. ಮುಕ್ಕಾಲು ಶತಮಾನ ಅಲ್ಲಿ ಪಂದ್ಯವೆಂದರೆ ಹಗಲಿನ ಪಂದ್ಯ. ಅಂಗಳ ಇರುವುದು ಮನೆಗಳ ನಡುವೆ, ವಠಾರದೊಳಗೆ. ಸಂಜೆ ಆಟ ಬಿಟ್ಟ ಮೇಲೆ ಜನ ಸುತ್ತಲಿನ ಬೀದಿಗಳಲ್ಲಿ ತಿಂದು ಕುಡಿದು, ಮಾತಾಡಿ, ನಿಧಾನವಾಗಿ ಮನೆಗೆ ಹೋಗುತ್ತಿದ್ದರು. ಹಗಲಿನ ಆಟ ಬಂದವರನ್ನು ಊರಿನಲ್ಲಿ ನಿಲ್ಲಿಸಿಕೊಳ್ಳುತ್ತದೆ, ರಾತ್ರಿಯ ಆಟ ಓಡಿಸುತ್ತದೆ. ಕೋಲಾರದವರಿಗೆ ಇದು ಅನುಭವದಿಂದಲೇ ಗೊತ್ತು.

ಐಪಿಎಲ್‌ನ ರಾತ್ರಿ ಪಂದ್ಯ ಏಳೂವರೆಗೆ ಶುರುವಾದರೆ ಮುಗಿಯುವಾಗ ಹನ್ನೊಂದು ದಾಟುತ್ತದೆ. ಪಂದ್ಯದ ದಿನ ಮೆಟ್ರೊ ತಡವಾಗಿ ಓಡುತ್ತದೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ವೈಟ್‌ಫೀಲ್ಡಿನಲ್ಲಿ ಇಳಿದ ಮೇಲೆ ಮಾಲೂರು, ಬಂಗಾರಪೇಟೆಗೆ ಹೋಗುವ ಪ್ಯಾಸೆಂಜರ್ ರೈಲಿನ ಹೊತ್ತು ಮುಗಿದಿರುತ್ತದೆ. ನಾಲ್ಕು ಜನ ಸೇರಿ ಕಾರು ಗೊತ್ತುಮಾಡಿಕೊಳ್ಳಬೇಕು, ಇಲ್ಲವೇ ಕೊನೆಯ ಐದು ಓವರ್ ಬಿಟ್ಟು ಎದ್ದು ಬರಬೇಕು. ಹೆಣ್ಣುಮಕ್ಕಳನ್ನು ಈ ಕಾರಣಕ್ಕೇ ಕಳಿಸದ ಮನೆಗಳಿವೆ. ಮೇಲಾಗಿ ಐಪಿಎಲ್ ತಂಡಕ್ಕೆ ತವರಿನಲ್ಲಿ ಸಿಗುವ ಲೀಗ್ ಪಂದ್ಯ ಏಳೇ ಏಳು. ಬೇಸ್‌ಬಾಲಿನ ಎಂಬತ್ತೊಂದು ಎಲ್ಲಿ, ಈ ಏಳು ಎಲ್ಲಿ! ಏಳು ಪಂದ್ಯದ ಟಿಕೆಟ್ಟಿಗೆ ಇಡೀ ರಾಜ್ಯವೇ ಮುಗಿಬಿದ್ದರೆ ಅದು ಸಿಗುವುದು ಎಷ್ಟು ಜನಕ್ಕೆ?

ಮುಗಿಬಿದ್ದದ್ದರ ಫಲವನ್ನು 2025ರ ಜೂನ್ 4ರಂದು ನಾಡು ಕಂಡಿತು. ಬೆಂಗಳೂರು ತಂಡ ಹದಿನೆಂಟು ವರ್ಷ ಕಾದು ಗೆದ್ದ ಐಪಿಎಲ್ ಕಪ್ಪಿನ ಸಂಭ್ರಮಕ್ಕೆ ಬಂದವರಲ್ಲಿ 11 ಜನ ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಕೋಲಾರದ ಮನೆಗೂ ಆ ಸಾವು ಬಂತು. ಆ ಬಳಿಕ ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹಾ ಆಯೋಗ ಆ ಜಾಗ ಭಾರಿ ಜನಸಂದಣಿಗೆ ಸೂಕ್ತವಲ್ಲವೆಂದು ಹೇಳಿತು. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು, ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಆನೇಕಲ್ ಕಡೆಯ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾಂಗಣ ಕಟ್ಟುವ ಮಾತು ಸರ್ಕಾರದಿಂದ ಬಂತು.

ಎಂಬತ್ತು ಸಾವಿರ ಜನರ ಒಂದು ಅಂಗಳಕ್ಕಿಂತ ಐದು ಸಾವಿರ ಜನರ ಹತ್ತು ಅಂಗಳಗಳು ನಾಡಿಗೆ ಹೆಚ್ಚು ಬೇಕು. ಜನ ಆಟಕ್ಕಾಗಿ ಹಸಿದಿದ್ದಾರೆ. ಆ ಹಸಿವನ್ನು ಒಂದೇ ನಗರದ ಒಂದೇ ಗೇಟಿಗೆ ತಂದು ನಿಲ್ಲಿಸುವುದು ತಪ್ಪು. ಸಣ್ಣ ಊರುಗಳಿಗೆ ಆಟ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಒಂದು ಪಂದ್ಯವೇ ಸಾಕ್ಷಿ. 2010ರ ಜನವರಿಯಲ್ಲಿ ಕರ್ನಾಟಕ ಮತ್ತು ಮುಂಬೈ ನಡುವಿನ ರಣಜಿ ಫೈನಲ್ ನಡೆದದ್ದು ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ದೊಡ್ಡ ಕ್ರೀಡಾಂಗಣವಲ್ಲ, ಮರಗಳ ನಡುವಿನ ಹಸಿರು ಬಯಲು. ಗೆಲುವಿಗೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ಆಲೌಟ್ ಆಗಿ ಬರೀ ಆರು ರನ್ನಿನಿಂದ ಸೋತಿತು. ಆ ದಿನಗಳಲ್ಲಿ ಮೈದಾನದ ಸುತ್ತ ನಿಂತಿದ್ದವರು ಇಂದಿಗೂ ಆ ಪಂದ್ಯವನ್ನು ಓವರ್ ಓವರ್ ಆಗಿ ಹೇಳುತ್ತಾರೆ. ರಣಜಿಗೆ ಜನ ಬರುವುದಿಲ್ಲ ಎಂಬ ಮಾತನ್ನು ಆ ಊರು ಸುಳ್ಳು ಮಾಡಿತು.

ಕೋಲಾರಕ್ಕೆ ಇಂಥ ಅವಕಾಶ ಒದಗಿದ್ದೇ ಇಲ್ಲ ಎನ್ನಬೇಕು. ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರು ಇವೆ, ಕೋಲಾರ ಇಲ್ಲ. ಬೆಂಗಳೂರಿಗೆ ಹತ್ತಿರವಿರುವುದೇ ಈ ಜಿಲ್ಲೆಗೆ ಶಾಪವಾದಂತಿದೆ. ಹಾಲು, ಟೊಮೆಟೊ, ಗುಲಾಬಿ, ಇಟ್ಟಿಗೆ, ಹೆಂಚು, ದುಡಿಯುವ ಕೈ ಎಲ್ಲವನ್ನೂ ಕಳಿಸುತ್ತದೆ. ಹತ್ತಿರವೆಂಬ ಕಾರಣಕ್ಕೇ ಅಲ್ಲಿಂದ ಇಲ್ಲಿಗೆ ಏನನ್ನೂ ಕೊಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ನೋಡುವುದಕ್ಕೆ, ತಿನ್ನುವುದಕ್ಕೆ ಇಲ್ಲಿ ಕೊರತೆಯೇ? ಮುಳಬಾಗಿಲನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಒಳಗೆ, ಚೆನ್ನೈ ಹೆದ್ದಾರಿಯ ಮೇಲೇ ಇದೆ. ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ಕುರುಡುಮಲೆಯ ಏಕಶಿಲೆಯ ಗಣಪ, ಆಳೆತ್ತರದ ಎರಡರಷ್ಟು ಎತ್ತರ. ಅಲ್ಲಿನ ಸೋಮೇಶ್ವರ ಗುಡಿಯ ಒಂದು ಭಾಗವನ್ನು ಜಕಣಾಚಾರಿ, ಇನ್ನೊಂದು ಭಾಗವನ್ನು ಮಗ ಡಂಕಣ ಕಡೆದರೆಂದು ಊರವರು ತೋರಿಸಿ ಹೇಳುತ್ತಾರೆ. ಇನ್ನೊಂದು ದಿಕ್ಕಿಗೆ ಆವಣಿ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ, ಬೆಟ್ಟದ ಮೇಲೆ ಸೀತಾ ಪಾರ್ವತಿ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ಸುತ್ತಲಿನವರ ನಂಬಿಕೆ. ಊರಿನಲ್ಲಿ ಆಂಜನೇಯಸ್ವಾಮಿ, ಊರಾಚೆ ನರಸಿಂಹತೀರ್ಥದಲ್ಲಿ ಹರಿದಾಸ ಪರಂಪರೆಯ ಹಿರಿಯರಾದ ಶ್ರೀಪಾದರಾಜರ ಬೃಂದಾವನ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಈ ಮುಳಬಾಗಿಲಿನಲ್ಲೇ, 1887ರಲ್ಲಿ.

ಇನ್ನು ದೋಸೆ. ಮುಳಬಾಗಿಲು ದೋಸೆ ಎಂಬ ಬೋರ್ಡು ಬೆಂಗಳೂರಿನ ಯಾವ ಬಡಾವಣೆಯಲ್ಲಿ ಇಲ್ಲ? ಹಿಟ್ಟನ್ನು ಕಾವಲಿಯ ತುಂಬ ತೆಳ್ಳಗೆ ಎಳೆಯದೆ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ದಪ್ಪಗೆ ಹುಯ್ದು, ಕೈಬಿಚ್ಚಿ ತುಪ್ಪ ಬಿಟ್ಟು, ತಳ ಗರಿಗರಿಯಾಗಿ ಒಳಗೆ ಮೆತ್ತಗಿರುವಂತೆ ಬೇಯಿಸಿ, ಕೆಂಪು ಚಟ್ನಿ ಸವರಿ ಆಲೂಗಡ್ಡೆ ಪಲ್ಯ ಇಟ್ಟು ಕೊಡುವ ದೋಸೆ ಅದು. ಊರಿನ ಹೆಸರು ರಾಜಧಾನಿಯ ಮೂಲೆಮೂಲೆಯಲ್ಲಿ ಹಣ ದುಡಿಯುತ್ತಿದೆ. ಆ ಊರಿಗೆ ಮಾತ್ರ ಅದರಿಂದ ಸಿಗುವ ಪಾಲು ತೀರಾ ಕಡಿಮೆ. ದೋಸೆ ತಿನ್ನಲು ಮುಳಬಾಗಿಲಿಗೇ ಬರುವವರು ಇದ್ದಾರೆ. ಹೆದ್ದಾರಿಯಲ್ಲಿ ತಿರುಪತಿಗೋ ವೆಲ್ಲೂರಿಗೋ ಹೋಗುವಾಗ ಅರ್ಧ ಗಂಟೆ ನಿಲ್ಲಿಸಿ ತಿಂದು ಕೈತೊಳೆದು ಹೋಗುತ್ತಾರೆ. ಹತ್ತು ಕಿಲೋಮೀಟರ್ ಪಕ್ಕಕ್ಕೆ ತಿರುಗಿ ಕುರುಡುಮಲೆಗೆ ಹೋಗುವವರು ಅವರಲ್ಲಿ ಕೆಲವರೇ.

ಕಾರಣ ಸರಳ. ಗುಡಿ ಸಾವಿರ ವರ್ಷದಿಂದ ಇದೆ, ನಾಳೆಯೂ ಇರುತ್ತದೆ. ದೋಸೆ ದಿನಾ ಹುಯ್ಯುತ್ತಾರೆ. ಎಂದೂ ಇರುವುದನ್ನು ಜನ ಎಂದಾದರೂ ನೋಡಿದರಾಯಿತು ಎಂದು ಮುಂದೂಡುತ್ತಾರೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷವಿದ್ದೂ ಆವಣಿ ನೋಡದವರು ಸೋಮಾರಿಗಳಲ್ಲ, ಅವರಿಗೆ ಹೊರಡಲು ಒಂದು ದಿನಾಂಕ ಸಿಕ್ಕಿಲ್ಲ ಅಷ್ಟೇ. ಆಟ ಆ ದಿನಾಂಕವನ್ನು ಕೊಡುತ್ತದೆ. ಶನಿವಾರ ಹತ್ತು ಗಂಟೆಗೆ ಪಂದ್ಯ ಎಂದರೆ ಶನಿವಾರವೇ ಹೋಗಬೇಕು, ಒಂಬತ್ತಕ್ಕೆ ಅಲ್ಲಿರಬೇಕು, ಎಂಟಕ್ಕೆ ದೋಸೆ ತಿನ್ನಬೇಕು. ಉಳಿದ ಕಾರ್ಯಕ್ರಮ ಅದರ ಸುತ್ತ ತಾನಾಗಿ ಹೆಣೆದುಕೊಳ್ಳುತ್ತದೆ.

ಇದು ಹಿರಿಯರಿಗೆ ಗೊತ್ತಿದ್ದ ವಿದ್ಯೆಯೇ. ಆವಣಿಗೆ ಜನ ಒಟ್ಟಾಗಿ ಬರುವುದು ಯಾವಾಗ? ಶಿವರಾತ್ರಿಯ ಆಸುಪಾಸಿನ ರಾಮಲಿಂಗೇಶ್ವರ ಜಾತ್ರೆಗೆ. ಅದೇ ಹೊತ್ತಿಗೆ ಸೇರುವ ದನಗಳ ಜಾತ್ರೆಗೆ ಆಂಧ್ರ, ತಮಿಳುನಾಡಿನ ರೈತರೂ ಬರುತ್ತಾರೆ. ತೇರು, ಎತ್ತಿನ ವ್ಯಾಪಾರ, ಬೆಂಡು ಬತ್ತಾಸು, ಬೆಟ್ಟ ಹತ್ತುವುದು ಎಲ್ಲ ಒಂದೇ ಗಂಟಿನಲ್ಲಿ. ಬೆಂಗಳೂರಿನ ಬಸವನಗುಡಿ ಕಡಲೆಕಾಯಿ ಪರಿಷೆಗೂ ಕಾರ್ತಿಕ ಮಾಸದ ಕೊನೆಯ ಸೋಮವಾರವೇ ಬಲ. ವಿ.ವಿ. ಪುರಂನಲ್ಲಿ ಶುರುವಾದ ಅವರೆಬೇಳೆ ಮೇಳಕ್ಕೆ ಜನವರಿ ಬಂತೆಂದರೆ ಜನ ಸಾಲುಗಟ್ಟುತ್ತಾರೆ. ಆ ಅವರೆ ಬೆಳೆಯುವ ಸೀಮೆಗಳಲ್ಲಿ ಕೋಲಾರವೂ ಒಂದು. ಇಲ್ಲಿ ಹಿತಕಿದ ಬೇಳೆ ಸಾರಿನ ಘಮ ಮನೆಮನೆಯಲ್ಲಿದ್ದರೂ ಅದಕ್ಕೊಂದು ಮೇಳದ ದಿನ ಇಲ್ಲ.

ಆಟದಿಂದ ಊರು ಬೆಳಗಿಸಿಕೊಂಡ ಕರ್ನಾಟಕದ ಉದಾಹರಣೆಗಳೇ ಇವೆ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರುಮಾಡಿದಾಗ ಸೇರಿದ್ದು 60 ಕುಟುಂಬಗಳ ತಂಡ. ಪ್ರತಿ ಸಲ ಒಂದು ಕುಟುಂಬ ಹೊಣೆ ಹೊರುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ಪಿಗೆ 396 ತಂಡ. ಒಂದೇ ಕುಟುಂಬದ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಟ್ಟಿಗೆ ಆಡುತ್ತಾರೆ. ಬೆಂಗಳೂರಿನಲ್ಲಿರುವ, ವಿದೇಶದಲ್ಲಿರುವ ಕೊಡವರು ರಜೆ ಹಾಕಿ ಆ ದಿನಗಳಿಗೆ ಊರಿಗೆ ಬರುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ 60 ತಂಡ 360 ಆದದ್ದು ಸರ್ಕಾರದ ಯೋಜನೆಯಿಂದಲ್ಲ, ದಿನ ಗೊತ್ತುಮಾಡಿ ನಡೆಸಿದ ಛಲದಿಂದ.

ಕರಾವಳಿಯ ಕಂಬಳವೂ ಹಾಗೆಯೇ. ನವೆಂಬರ್‌ನಿಂದ ಬೇಸಿಗೆಯವರೆಗೆ ಯಾವ ವಾರ ಯಾವ ಊರಿನಲ್ಲಿ ಎಂಬ ಪಟ್ಟಿ ಮೊದಲೇ ಹೊರಬೀಳುತ್ತದೆ. ಮೂಡುಬಿದಿರೆಯ ಕೋಟಿ ಚೆನ್ನಯ ಜೋಡುಕರೆ ಕಂಬಳಕ್ಕೆ ಹೋದವರು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ನೋಡದೆ ಮರಳುವುದು ಅಪರೂಪ. ಬಸದಿ ನೋಡಲೆಂದು ಬಂದವರು ಒಂದು ಗಂಟೆ ಇರುತ್ತಾರೆ. ಕಂಬಳಕ್ಕೆ ಬಂದವರು ಇಡೀ ರಾತ್ರಿ ಇರುತ್ತಾರೆ, ಬೆಳಿಗ್ಗೆ ತಿಂಡಿಯನ್ನೂ ಅಲ್ಲೇ ತಿನ್ನುತ್ತಾರೆ.

ಕೋಲಾರ ಸೀಮೆಯ ಆಟ ಯಾವುದು? ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಇಲ್ಲಿನ ಹಳ್ಳಿಗಳಲ್ಲಿ ಸಂಕ್ರಾಂತಿಗೋ ಬೇಸಿಗೆ ರಜೆಗೋ ಯುವಕರ ಸಂಘದವರು ಚಂದಾ ಎತ್ತಿ ಪಂದ್ಯ ನಡೆಸುತ್ತಾರೆ. ಒಣಗಿದ ಕೆರೆ ಅಂಗಳ ಸಮ ಮಾಡಿ ಪಿಚ್ ಹಾಕುತ್ತಾರೆ, ಶಾಲೆಯ ಬಯಲಿನಲ್ಲಿ ಟ್ಯೂಬ್‌ಲೈಟ್ ಕಟ್ಟಿ ಹೊನಲು ಬೆಳಕಿನ ಕಬಡ್ಡಿ ಆಡಿಸುತ್ತಾರೆ. ಗಡಿಯಾಚೆಯ ಆಂಧ್ರದ ಹಳ್ಳಿಗಳಿಂದಲೂ ತಂಡಗಳು ಬರುತ್ತವೆ, ಕನ್ನಡ ತೆಲುಗು ಎರಡರಲ್ಲೂ ಕಾಮೆಂಟ್ರಿ ನಡೆಯುತ್ತದೆ. ಆಟ ಚೆನ್ನಾಗಿರುತ್ತದೆ, ಜನರೂ ಇರುತ್ತಾರೆ. ಆದರೆ ಪಂದ್ಯದ ಫ್ಲೆಕ್ಸ್ ಕಟ್ಟುವುದು ನಾಲ್ಕು ದಿನ ಮುಂಚೆ. ಇಂಥ ಪಂದ್ಯಕ್ಕೆ ಕೋಲಾರ ಪೇಟೆಯವರಿಗೇ ಸುದ್ದಿ ಮುಟ್ಟುವುದಿಲ್ಲ, ಇನ್ನು ಬೆಂಗಳೂರಿಗೆ ಮುಟ್ಟುವುದೆಲ್ಲಿ?

ಇದನ್ನೇ ಎತ್ತಿಕೊಂಡು ವರ್ಷಕ್ಕೆ ನಾಲ್ಕು ವಾರಾಂತ್ಯಗಳನ್ನು ಗೊತ್ತುಮಾಡಿದರೆ ಸಾಕು, ನಾಲ್ಕು ತಾಲ್ಲೂಕಿಗೆ ನಾಲ್ಕು. ಆಟ ಹಗಲಿನಲ್ಲಿ ನಡೆಯಲಿ, ಬೆಳಿಗ್ಗೆ ಹೊರಟವರು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವಂತಿರಲಿ.

ಮುಳಬಾಗಿಲಿಗೆ ಆವಣಿ ಜಾತ್ರೆಯ ಕಾಲವೇ ಸರಿ. ಪೇಟೆಯಲ್ಲಿ ಕಬಡ್ಡಿ, ಆವಣಿಯಲ್ಲಿ ತೇರು, ನಡುವೆ ಓಡಾಡಲು ಸಾರಿಗೆ ಸಂಸ್ಥೆಯ ನಾಲ್ಕು ಬಸ್ಸು. ದೋಸೆಗೆ ಯಾರೂ ಪ್ರಚಾರ ಕೊಡಬೇಕಿಲ್ಲ.

ಶ್ರೀನಿವಾಸಪುರದ ವಾರಾಂತ್ಯ ಮಾವಿನ ಕಾಲದಲ್ಲೇ ಆಗಬೇಕು, ಇದರಲ್ಲಿ ರಾಜಿ ಬೇಡ. ಈ ತಾಲ್ಲೂಕು ಮಾವಿನ ಮೇಲೆ ನಿಂತಿದೆ. ಹೊಗಳಗೆರೆಯಲ್ಲಿ ಮಾವು ಅಭಿವೃದ್ಧಿ ಕೇಂದ್ರವಿದೆ. ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಷಾ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ. 2025ರ ಜೂನ್‌ನಲ್ಲಿ ಈ ತೋತಾಪುರಿಯೇ ರೈತರ ಕಣ್ಣಲ್ಲಿ ನೀರು ತರಿಸಿತು. ಬೆಲೆ ಕುಸಿಯಿತು, ಪಕ್ಕದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ಹಣ್ಣು ಬರಬಾರದೆಂದು ತಡೆಯಿತು, ಶ್ರೀನಿವಾಸಪುರ ಬಂದ್ ಆಯಿತು, ರಸ್ತೆಗೆ ಹಣ್ಣು ಸುರಿದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿಯಂತೆ 2.5 ಲಕ್ಷ ಟನ್ ವರೆಗೆ ಬೆಲೆ ನೆರವಿಗೆ ಒಪ್ಪಿತು. ತಿರುಳಿನ ಕಾರ್ಖಾನೆಯನ್ನೇ ನಂಬಿದ ಬೆಳೆಯ ಪಾಡು ಇದು. ಪಂದ್ಯ ನೋಡಲು ಬಂದ ಐದು ಸಾವಿರ ಜನ ಇಡೀ ತಾಲ್ಲೂಕಿನ ತೋತಾಪುರಿ ಕೊಂಡು ಮುಗಿಸಲಾರರು, ನಿಜ. ಆದರೆ ತಿನ್ನುವ ಹಣ್ಣಿನ ಬಾದಾಮಿ, ಮಲ್ಲಿಕಾ ಬೆಳೆದ ಸಣ್ಣ ರೈತನಿಗೆ ದಲ್ಲಾಳಿ ಇಲ್ಲದೆ ತೋಟದ ಬಾಗಿಲಲ್ಲೇ ನಗದು ಸಿಗುತ್ತದೆ. ರಾಜ್ಯದ ಮಾವು ನಿಗಮ ಬೆಂಗಳೂರಿನಿಂದ ಬಸ್ಸು ಮಾಡಿ ಜನರನ್ನು ತೋಟಕ್ಕೆ ಕರೆತಂದು ಹಣ್ಣು ಕೀಳಿಸುವ ಪ್ರವಾಸ ಈಗಾಗಲೇ ನಡೆಸಿ ನೋಡಿದೆ. ಬೆಳಿಗ್ಗೆ ತೋಟ, ಮಧ್ಯಾಹ್ನ ರಾಗಿಮುದ್ದೆ ನಾಟಿಕೋಳಿ ಸಾರಿನ ಊಟ, ಸಂಜೆಗೆ ವಾಲಿಬಾಲ್ ಫೈನಲ್ ಎಂದರೆ ಆ ಬಸ್ಸುಗಳು ತುಂಬುವುದರಲ್ಲಿ ಅನುಮಾನವಿಲ್ಲ.

ಕೋಲಾರ ಪೇಟೆಗೆ ಬೇರೆಯದೇ ಆಟವೊಂದು ಹೇಳಿ ಮಾಡಿಸಿದಂತಿದೆ, ಬಂಡೆ ಹತ್ತುವುದು. ಅಂತರಗಂಗೆ ಬೆಟ್ಟದ ಬಂಡೆಗಳು, ಗವಿಗಳು ಬೆಂಗಳೂರಿನ ಚಾರಣಿಗರಿಗೆ ಹಳೆಯ ಪರಿಚಯ. ಕಲ್ಲಿನ ಬಸವನ ಬಾಯಿಂದ ಸದಾ ನೀರು ಹರಿಯುವ ಕೊಳದ ಪಕ್ಕ ಮೆಟ್ಟಿಲು ಹತ್ತಿದರೆ ಕಲ್ಲಿನ ಲೋಕ ತೆರೆಯುತ್ತದೆ. ಬಂಡೆ ಹತ್ತುವ ಆಟ ಟೋಕಿಯೊ ಒಲಿಂಪಿಕ್ಸ್‌ನಿಂದ ಪದಕದ ಆಟವಾಗಿದೆ. ಗೋಡೆಗೆ ಪ್ಲಾಸ್ಟಿಕ್ ಹಿಡಿಕೆ ತಿರುಪಿ ಅಭ್ಯಾಸ ಮಾಡುವ ನಗರಗಳ ಮಕ್ಕಳಿಗೆ ದೇವರು ಕೊಟ್ಟ ಬಂಡೆ ಇಲ್ಲಿದೆ. ಅರಣ್ಯ ಇಲಾಖೆಯ ಕಟ್ಟುಪಾಡಿನೊಳಗೆ, ತರಬೇತಾದವರ ಉಸ್ತುವಾರಿಯಲ್ಲಿ ವರ್ಷಕ್ಕೊಂದು ಸ್ಪರ್ಧೆ ನಡೆಸಬಹುದು. ಬಂದವರು ಕೆಳಗಿಳಿದು ಚೋಳರ ಶಾಸನಗಳಿರುವ ಕೋಲಾರಮ್ಮನ ಗುಡಿ, ಅಲ್ಲಿನ ಚೇಳಮ್ಮ, ಸೋಮೇಶ್ವರ ಗುಡಿಯ ಕಲ್ಯಾಣ ಮಂಟಪ, ಹೈದರಾಲಿಯ ತಂದೆ ಫತೇ ಮಹಮದರ ಗೋರಿ ನೋಡುತ್ತಾರೆ. ಹೊತ್ತಿಗೆ ಮುಂಚೆ ಎದ್ದವರು ಟೊಮೆಟೊ ಹರಾಜಿಗೂ ಹೋಗಬಹುದು. ಕ್ರೇಟುಗಳ ಆ ಕೆಂಪು ಬೆಟ್ಟ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದರದು. ಮರಳುವಾಗ ಬಂಗಾರಪೇಟೆಯ ಮೇಲೆ ಹೋದರೆ ನೀರಿನಂತೆ ತಿಳಿಯಾದ ರಸದ ಪಾನಿಪುರಿ.

ಮಾಲೂರಿಗೆ ರೈಲೇ ಬಂಡವಾಳ. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ಈ ಹಳಿ 1864ರದು. ಕ್ರಿಕೆಟ್ ಪಂದ್ಯ, ಅವರೆಕಾಳಿನ ಊಟ, ಚಿಕ್ಕತಿರುಪತಿ, ಟೇಕಲ್ಲಿನ ಬಂಡೆಗಳು, 1983ರ ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಊರು. ಒಂದು ಜನವರಿ ಭಾನುವಾರಕ್ಕೆ ಇಷ್ಟು ಸಾಕು.

ಮೈದಾನಗಳ ಸ್ಥಿತಿ ಹೇಗಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕೋಲಾರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ, ತಾಲ್ಲೂಕುಗಳಲ್ಲಿ ಕಾಲೇಜು ಬಯಲುಗಳಿವೆ. ಬೇಕಿರುವುದು ಗಾಜಿನ ಮಂಟಪಗಳಲ್ಲ. ಹೆಂಗಸರಿಗೆ ಸ್ವಚ್ಛ ಶೌಚಾಲಯ, ಕುಡಿಯುವ ನೀರು, ನೆರಳು, ಒಳಗೆ ಬರಲು ಒಂದು ಮತ್ತು ಹೊರಗೆ ಹೋಗಲು ಇನ್ನೊಂದು ಅಗಲವಾದ ದಾರಿ, ಆಂಬುಲೆನ್ಸ್, ಎಷ್ಟು ಜನ ಬರುತ್ತಾರೆಂಬ ಮುಂಚಿತ ಲೆಕ್ಕ. ಜೂನ್ 4ರ ಕಾಲ್ತುಳಿತದ ನಂತರ ಇವನ್ನು ಬಿಟ್ಟು ಯಾರೂ ಎಲ್ಲೂ ಪಂದ್ಯ ನಡೆಸಬಾರದು, ಅದು ಐನೂರು ಜನರ ಕಬಡ್ಡಿಯೇ ಆಗಿರಲಿ. ಮಹಿಳೆಯರ ಪಂದ್ಯವೂ ಪ್ರತಿ ವಾರಾಂತ್ಯದ ಭಾಗವಾಗಿರಲಿ. ಹೆಣ್ಣುಮಕ್ಕಳು ಆಡುವ ಅಂಗಳಕ್ಕೆ ಮನೆಮಂದಿ ಬರುತ್ತಾರೆ, ಗದ್ದಲ ಕಡಿಮೆಯಾಗುತ್ತದೆ.

ಜಿಲ್ಲೆ ದೊಡ್ಡದಕ್ಕೆ ಕಾದು ಸಾಕಷ್ಟು ಬಳಲಿದೆ. ಶ್ರೀನಿವಾಸಪುರಕ್ಕೆ ಘೋಷಣೆಯಾಗಿ ಶಂಕುಸ್ಥಾಪನೆಯೂ ಆದ ರೈಲ್ವೆ ಕೋಚ್ ಕಾರ್ಖಾನೆಯ ಮಾತು ಕೇಳಿ ಕೇಳಿ ಹುಡುಗರು ನಡುವಯಸ್ಸಿಗೆ ಬಂದರು. ಮುಳಬಾಗಿಲು ಇನ್ನೂ ರೈಲು ಕಂಡಿಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಪಕ್ಕದ ಕೆಜಿಎಫ್ ಊರಿನ ಸಾವಿರಾರು ಜನ ಈಗಲೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಪಂದ್ಯಗಳ ವೇಳಾಪಟ್ಟಿ ಈ ದುಃಖಗಳಿಗೆ ಪರಿಹಾರವಲ್ಲ. ಆದರೆ ಅದಕ್ಕೆ ದೆಹಲಿಯ ಅನುಮತಿ ಬೇಡ, ಭೂಸ್ವಾಧೀನ ಬೇಡ. ಹೋಟೆಲಿನವನಿಗೆ, ಆಟೋದವನಿಗೆ, ಹಣ್ಣಿನ ಬುಟ್ಟಿಯ ಅಜ್ಜಿಗೆ ಆ ವಾರವೇ ದುಡ್ಡು ಸಿಗುತ್ತದೆ. ಊರಿನ ಹುಡುಗನ ಆಟವನ್ನು ಹೊರಗಿನವರು ಹಣ, ಹೊತ್ತು ಕೊಟ್ಟು ನೋಡಲು ಬಂದರೆಂಬ ಹೆಮ್ಮೆಗೆ ಬೆಲೆ ಕಟ್ಟಲಾಗದು.

ರೈಲ್ವೆಯವರೂ ಒಂದು ಕೆಲಸ ಮಾಡಬೇಕು. ಚಿನ್ನಸ್ವಾಮಿಯಲ್ಲಿ ರಾತ್ರಿ ಪಂದ್ಯವಿದ್ದಾಗ ಮೆಟ್ರೊ ತಡವಾಗಿ ಓಡುವಂತೆ, ವೈಟ್‌ಫೀಲ್ಡಿನಿಂದ ಮಾಲೂರು, ಟೇಕಲ್, ಬಂಗಾರಪೇಟೆಗೆ ಮಧ್ಯರಾತ್ರಿ ದಾಟಿ ಒಂದು ಮೆಮು ಓಡಿಸಲಿ. ವರ್ಷಕ್ಕೆ ಕೆಲವೇ ರಾತ್ರಿಗಳ ಮಾತು ಇದು. ನಾಲ್ಕು ವಾರಾಂತ್ಯಗಳಂದು ಅದೇ ರೈಲು ಬೆಳಿಗ್ಗೆ ಬೆಂಗಳೂರಿನಿಂದ ಇತ್ತ ಓಡಲಿ, ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರದ ಹಳಿಗೂ ಜೋಡಿಸಲಿ.

ಜಿಲ್ಲಾಡಳಿತ, ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಊರಿನ ಕ್ರೀಡಾ ಸಂಘಗಳು ಒಂದು ಮಧ್ಯಾಹ್ನ ಒಟ್ಟಿಗೆ ಕೂತು ಮುಂದಿನ ವರ್ಷದ ನಾಲ್ಕು ದಿನಾಂಕಗಳನ್ನು ತೀರ್ಮಾನಿಸಲಿ. ಸಂಕ್ರಾಂತಿಗೆ ಮೊದಲೇ ಅವನ್ನು ಪ್ರಕಟಿಸಿ, ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲೂ ವೈಟ್‌ಫೀಲ್ಡ್ ಮೆಟ್ರೊ ನಿಲ್ದಾಣದಲ್ಲೂ ಅಂಟಿಸಲಿ. ಒಮ್ಮೆ ಪ್ರಕಟಿಸಿದ ದಿನಾಂಕವನ್ನು ಯಾವ ಗಣ್ಯರ ಭೇಟಿಗಾಗಿಯೂ ಮುಂದೂಡದಿರಲಿ.